ತುಜಾ ಗಿಡದ ಬೋಳು ಮಗ್ಗುಲು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನನ್ನ ತಂಗಿಯ ಒಳ್ಳೆಯದಕ್ಕೆಂದೇ ನಾಲ್ಕು ಜನರ ಎದುರು ಅವಳನ್ನು ಗದರಿಸಿದೆ. ಅಂದಿನಿಂದ ಅವಳು ನನ್ನ ಹೊಸ್ತಿಲು ತುಳಿದಿಲ್ಲ. ಹಬ್ಬಕ್ಕೆ ಸೀರೆ ಕಳಿಸಿದೆ, ಹಣ್ಣು ಕಳಿಸಿದೆ. ಸಿಟ್ಟು ತಾನಾಗಿ ಇಳಿಯಲಿ ಎಂದು ಕಾಯುತ್ತಿದ್ದೇನೆ. ಇನ್ನೆಷ್ಟು ಕಾಯಬೇಕು?”

ಗುರು ಹೇಳಿದರು:

ಒಬ್ಬ ರೇಷ್ಮೆ ಬೆಳೆಗಾರನಿದ್ದ. ಅವನ ಸೊಸೆ ದೂರದ ಬೆಟ್ಟದ ಸೀಮೆಯವಳು. ಮದುವೆಯಾಗಿ ಬರುವಾಗ ತವರಿನಿಂದ ಒಂದು ತುಜಾ ಸಸಿ ತಂದು ಅಂಗಳದಲ್ಲಿ ನೆಟ್ಟಿದ್ದಳು. ಹೂವಿಲ್ಲ, ಹಣ್ಣಿಲ್ಲ, ವರ್ಷವಿಡೀ ಹಸಿರಾಗಿ ನಿಲ್ಲುವುದೇ ಅದರ ಕೆಲಸ. ನೀರು ನಿಲ್ಲದಂತೆ ಬುಡಕ್ಕೆ ಮಣ್ಣು ಏರಿಸಿ, ಬೇಸಿಗೆಯಲ್ಲಿ ಒಣಹುಲ್ಲು ಹೊದಿಸಿ, ಅವಳು ಅದನ್ನು ಆಳೆತ್ತರ ಬೆಳೆಸಿದಳು. ಆ ಮನೆಯಲ್ಲಿ ಅವಳ ಊರಿನದೆಂದು ಇದ್ದದ್ದು ಅದೊಂದೇ.

ಒಮ್ಮೆ ಅವಳು ತವರಿಗೆ ಹೋಗಿದ್ದಾಗ, ಗಿಡದ ಒಂದು ಮಗ್ಗುಲು ಜೋಲುತ್ತಿರುವುದನ್ನು ಮಾವ ನೋಡಿದ. ಸರಿಮಾಡಿಟ್ಟರೆ ಸೊಸೆಗೆ ಸಂತೋಷವಾದೀತು ಎಂದುಕೊಂಡ. ರೇಷ್ಮೆಹುಳುವಿನ ಮೇವಾದ ಹಿಪ್ಪುನೇರಳೆಯನ್ನು ಬುಡದವರೆಗೆ ಕೊಯ್ದರೆ ಮೊದಲಿಗಿಂತ ಹುಲುಸಾಗಿ ಚಿಗುರುತ್ತದೆ. ಅವನ ಕೈಗೆ ಗೊತ್ತಿದ್ದದ್ದು ಅದು. ಆ ಮಗ್ಗುಲಲ್ಲಿ ಹಸಿರೇ ಉಳಿಯದಂತೆ ಕೊಯ್ದ.

ಸೊಸೆ ಬಂದಳು. ಗಿಡದ ಮುಂದೆ ನಿಂತಳು.

“ಹಾಗ್ಯಾಕೆ ನೋಡ್ತೀಯಮ್ಮ? ನನ್ನ ಕುಡುಗೋಲು ತಾಗಿದ್ದು ಯಾವುದು ಚಿಗುರಿಲ್ಲ ಹೇಳು!” ಎಂದು ಮಾವ ನಕ್ಕ.

“ಇದು ಹಿಪ್ಪುನೇರಳೆ ಅಲ್ಲ ಮಾವ. ಬೋಳಾದ ಕೊಂಬೆಯಲ್ಲಿ ಇದು ಮತ್ತೆ ಚಿಗುರೋದಿಲ್ಲ,” ಎಂದು ಸೊಸೆ ಒಳಗೆ ಹೋದಳು.

ಮಾವ ನಂಬಲಿಲ್ಲ. ಹುಳುಮನೆಯ ಹಿಕ್ಕೆಯನ್ನೆಲ್ಲ ತಂದು ಗೊಬ್ಬರವೆಂದು ಬುಡಕ್ಕೆ ಸುರಿದ. ಕೊಡಗಟ್ಟಲೆ ನೀರು ಹೊಯ್ದ. ಚಿಗುರು ಬರಲಿಲ್ಲ. ಬುಡದಲ್ಲಿ ನೀರು ನಿಂತು, ಉಳಿದ ಮಗ್ಗುಲೂ ಹಳದಿಯಾಗತೊಡಗಿತು. ಸೊಸೆ ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವನು ಕೊಡ ಕೆಳಗಿಟ್ಟು ಸೊಸೆಯನ್ನು ಕರೆದ. “ನಿನ್ನ ಗಿಡ ಕೆಡಿಸಿಬಿಟ್ಟೆ ಕಣಮ್ಮ. ನಿನ್ನನ್ನು ಕೇಳದೆ ಕೈ ಹಾಕಬಾರದಿತ್ತು,” ಎಂದ.

ಸೊಸೆ ಒಳಗಿನಿಂದ ಹಳೆ ಸೀರೆಯ ಅಂಚು ತಂದಳು. ಗಿಡ ಬೋಳಾದಂದೇ ಕಟ್ಟಲೆಂದು ಹರಿದು ಮಡಿಸಿಟ್ಟಿದ್ದ ಅಂಚು. ಬೋಳಿನ ಪಕ್ಕದ ಹಸಿರು ಕೊಂಬೆಯೊಂದನ್ನು ಮೆಲ್ಲಗೆ ಬಗ್ಗಿಸಿ ಅಡ್ಡಕ್ಕೆ ತಂದು ಹಿಡಿದಳು. “ನೀವು ಕಟ್ಟಿ ಮಾವ. ಬಿಗಿ ಮಾಡಬೇಡಿ.”

ಅವನು ಕಟ್ಟಿದ. ಬುಡದ ಹಿಕ್ಕೆ ತೆಗೆದು, ನೀರು ಹರಿದುಹೋಗಲು ದಾರಿ ತೋಡಿದ. ಆ ಕೊಂಬೆ ವರ್ಷ ವರ್ಷ ಹರಡಿ ಬೋಳನ್ನು ಮುಚ್ಚಿತು. ಒಳಗೆ ಕೈಯಾಡಿಸಿದರೆ ಒಣ ಕಡ್ಡಿ ಈಗಲೂ ಸಿಗುತ್ತದೆ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಅಂಚು ಮೊದಲೇ ಹರಿದಿಟ್ಟಿದ್ದಳಲ್ಲ, ಅವಳೊಬ್ಬಳೇ ಕಟ್ಟಿಕೊಳ್ಳಬಹುದಿತ್ತು.”

ಗುರು ಹೇಳಿದರು: “ಬಗ್ಗಿಸಿ ಹಿಡಿಯುವುದಕ್ಕೇ ಎರಡು ಕೈ ಬೇಕಪ್ಪ, ಕಟ್ಟಬೇಕಾದ್ದು ಕೆಡಿಸಿದವನ ಕೈ. ನಿನ್ನ ತಂಗಿ ಕೊಂಬೆ ಹಿಡಿದುಕೊಂಡೇ ನಿಂತಿದ್ದಾಳೆ.”