ದರ್ಜಿ ಹಿಡಿದ ವ್ರತ

"ಗುರುಗಳೇ, ಸಂಸಾರಿಯಾಗಿದ್ದೂ ಹೆಂಡತಿಯಿಂದ ದೂರ ಇರುವವನು ದೊಡ್ಡವನಲ್ಲವೇ?" ಎಂದು ತೋಟಯ್ಯ ಕೇಳಿದ.

ಅವನು ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಮಠಕ್ಕೆ ಬಂದು ಎರಡು ತಿಂಗಳಾಗಿತ್ತು. ದೀಕ್ಷೆ ಕೊಡಿ ಎಂದು ದಿನಾ ದುಂಬಾಲು ಬೀಳುತ್ತಿದ್ದ. ಗುರುಗಳು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಯಾರು ದೊಡ್ಡವರು ಯಾರು ಚಿಕ್ಕವರು ಎಂದು ಅಳೆಯುವ ಟೇಪು ತಮ್ಮ ಹತ್ತಿರ ಇಲ್ಲ, ಅದು ದರ್ಜಿಯ ಹತ್ತಿರ ಇರುತ್ತದೆ ಎಂದರು. ಅವನ ಮುಂದೆಯೂ ಒಂದಿಷ್ಟು ಕಾಯಿ ಸುರಿದರು. ಕೈ ಕೆಲಸ ಮಾಡಲಿ, ಕಿವಿ ಇತ್ತ ಇರಲಿ ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನು ಮಿಷನ್ ತುಳಿಯುವನು, ಹೆಂಡತಿ ಎದುರಿಗೆ ಕೂತು ಕಾಜಾ ಹೊಲಿದು ಗುಂಡಿ ಹಚ್ಚುವಳು. ಇಪ್ಪತ್ತನಾಲ್ಕು ವರ್ಷದ ಸಂಸಾರ. ಇದ್ದೊಬ್ಬ ಮಗಳು ಮದುವೆಯಾಗಿ ಹೋಗಿದ್ದಳು. ಗಂಡ ಹೆಂಡತಿ ಮಾತಾಡಿಕೊಂಡು, ನಡುನಡುವೆ ಜಗಳ ಆಡಿಕೊಂಡು ಚೆನ್ನಾಗಿಯೇ ಇದ್ದರು.

ಒಂದು ದಿನ ದರ್ಜಿಗೆ ಮಿಷನ್ ಮುಂದೆಯೇ ತಲೆ ತಿರುಗಿತು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಬಿ.ಪಿ. ವಿಪರೀತ ಏರಿದೆ ಎಂದು ಒಂದು ಮಾತ್ರೆ ಬರೆದುಕೊಟ್ಟರು. ದಿನಾ ಬೆಳಿಗ್ಗೆ ಒಂದು, ತಪ್ಪಿಸಬೇಡ ಎಂದರು. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವನಲ್ಲ ಪುಣ್ಯಾತ್ಮ, ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ತಲೆ ತಿರುಗುವುದು ನಿಂತಿತು.

ಎರಡು ತಿಂಗಳಾದ ಮೇಲೆ ಹೆಂಡತಿಯ ಪಕ್ಕದಲ್ಲಿ ಅವನ ದೇಹ ಅವನ ಮಾತು ಕೇಳದೆ ಹೋಯಿತು. ಮೊದಲ ಸಲ, ದಣಿವು ಎಂದುಕೊಂಡ. ಮತ್ತೆಯೂ ಹಾಗೇ ಆಯಿತು. ಮೂರನೆಯ ಸಲ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ವಯಸ್ಸಾಯಿತೇ, ಯಾರ ಕಣ್ಣಾದರೂ ಬಿತ್ತೇ, ತನ್ನ ಗಂಡಸುತನವೇ ಮುಗಿಯಿತೇ ಎಂದು ಒಳಗೊಳಗೇ ಬೆಂದ. ಆ ಬಿಳಿ ಮಾತ್ರೆಯ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ತಲೆಸುತ್ತಿಗೆ ಕೊಟ್ಟದ್ದಕ್ಕೂ ಇದಕ್ಕೂ ಏನು ಸಂಬಂಧ?

ಮೂರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗುವುದಿತ್ತು. ಬೇರೆ ಏನಾದರೂ ತೊಂದರೆ ಇದೆಯೇ ಎಂದು ಅವರು ಪ್ರತಿ ಸಲವೂ ಕೇಳುತ್ತಿದ್ದರು. ಬೆನ್ನ ಹಿಂದೆ ಹತ್ತು ಜನ ಸಾಲು ನಿಂತಿರುತ್ತಿದ್ದರು. ಏನಿಲ್ಲ ಸಾರ್ ಎಂದು ಹೇಳಿ ಚೀಟಿ ಹಿಡಿದು ಬರುತ್ತಿದ್ದ. ಯಾರೋ ಗೆಳೆಯ ಭಂಗಿ ಸೊಪ್ಪು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದ. ಅದನ್ನೂ ಹಾಕಿ ನೋಡಿದ, ಮೇಲೆ ಎರಡು ಗ್ಲಾಸು ಸಾರಾಯಿಯನ್ನೂ ಸುರಿದುಕೊಂಡ. ಮನಸ್ಸು ಕುಣಿಯಿತು, ದೇಹ ಇನ್ನಷ್ಟು ಮಂಕಾಯಿತು. ಹೆಂಡತಿ ವಾಸನೆಗೆ ಹೆದರಿ ಎದ್ದು ಅಡುಗೆಮನೆಗೆ ಹೋದಳು. ಅವತ್ತಿನಿಂದ ಅವನು ಅವಳ ಮುಖ ನೋಡುವುದನ್ನೇ ಬಿಟ್ಟ.

ಅಷ್ಟರಲ್ಲಿ ಕಾರ್ತಿಕ ಬಂತು. ಮಾಲೆ ಹಾಕಿ ಬೆಟ್ಟಕ್ಕೆ ಹೋಗುವವರು ಕಪ್ಪು ಬಟ್ಟೆ ಹೊಲಿಸಲು ಸಾಲಾಗಿ ಬಂದರು. ನಲವತ್ತೊಂದು ದಿನ ತಣ್ಣೀರ ಸ್ನಾನ, ಮಡಿಯ ಊಟ, ಬೇರೆ ಹಾಸಿಗೆ. ದರ್ಜಿ ಹೊಲಿಯುತ್ತಾ ಹೊಲಿಯುತ್ತಾ ಯೋಚಿಸಿದ. ಮಾಲೆ ಹಾಕಿದವನನ್ನು, ಯಾಕಪ್ಪಾ ಬೇರೆ ಮಲಗಿದೆ ಎಂದು ಯಾರೂ ಕೇಳುವುದಿಲ್ಲ. ಆ ಸಂಜೆಯೇ ತನಗೂ ಒಂದು ಜೊತೆ ಕಪ್ಪು ಬಟ್ಟೆ ಕತ್ತರಿಸಿಕೊಂಡ.

ಬೆಟ್ಟದಿಂದ ಇಳಿದು ಬಂದು ಎಲ್ಲರೂ ಮಾಲೆ ತೆಗೆದು ಗಡ್ಡ ಬೋಳಿಸಿಕೊಂಡರು. ಇವನು ತೆಗೆಯಲಿಲ್ಲ. ಹರಕೆ ಇದೆ, ಇನ್ನು ಹೀಗೇ ಇರುತ್ತೇನೆ ಎಂದ. ಊರವರು ಆಹಾ ಎಂದರು. ಅಳತೆ ಕೊಡಲು ಬಂದವರು ಕಾಲಿಗೆ ಬಿದ್ದು ಹೋಗತೊಡಗಿದರು. ಎಲ್ಲರ ಬಾಯಲ್ಲೂ ಅವನು ಸ್ವಾಮಿಯಾದ. ಹೆಂಡತಿಯೂ ಸ್ವಾಮಿ ಎಂದೇ ಕರೆಯಬೇಕಾಯಿತು. ಅವಳು ನಸುಕಿನಲ್ಲೇ ಮಿಂದು ಅಡುಗೆ ಮಾಡಿ, ಎಲೆಗೆ ಬಡಿಸಿ, ಆಚೆ ಸರಿದು ನಿಲ್ಲುವಳು. ಅವನು ದೇವರ ಗೂಡಿನ ಮುಂದೆ ಒಬ್ಬನೇ ಕೂತು ಉಣ್ಣುವನು. ಮಿಷನ್ನನ್ನೂ ಹೊರಗಿನ ಪಡಸಾಲೆಗೆ ಹಾಕಿಸಿಕೊಂಡ. ಅವಳು ಒಳಗೆ ಗುಂಡಿ ಹಚ್ಚುತ್ತಿದ್ದಳು. ಒಂದೇ ಸೂರಿನಡಿ ಇಬ್ಬರೂ ಒಂಟಿಯಾದರು.

ಒಂದು ಮಧ್ಯಾಹ್ನ ಕತ್ತರಿಗೆಂದು ಒಳಗೆ ಹೋದ. ಗಿರಾಕಿಗಳಿಗೆಂದು ಇಟ್ಟಿದ್ದ ಕನ್ನಡಿಯ ಮುಂದೆ ಅವಳು ನಿಂತಿದ್ದಳು. ಕೆನ್ನೆ ಮುಟ್ಟಿಕೊಂಡು, ಸೆರಗು ಸರಿಮಾಡಿಕೊಂಡು, ತನ್ನನ್ನೇ ನೋಡಿಕೊಳ್ಳುತ್ತಿದ್ದಳು. ಅವನನ್ನು ಕಂಡು ಗಾಜು ಒರೆಸುವವಳಂತೆ ಮಾಡಿದಳು. ಅವಳು ಕನ್ನಡಿಯನ್ನು ಏನು ಕೇಳುತ್ತಿದ್ದಳೆಂದು ಅವನಿಗೆ ತಿಳಿಯಿತು. ತಪ್ಪು ನಿನ್ನದಲ್ಲ ಮಾರಾಯ್ತಿ ಎಂದು ಹೇಳಿದ್ದರೆ ಸಾಕಿತ್ತು. ಕತ್ತರಿ ತೆಗೆದುಕೊಂಡು ಹೊರಗೆ ಬಂದ. ಹೀಗೆ ನಾಲ್ಕು ವರ್ಷ ಕಳೆಯಿತು.

ಐದನೆಯ ವರ್ಷ ಆಸ್ಪತ್ರೆಗೆ ಹೊಸ ಡಾಕ್ಟರು ಬಂದರು. ಅವರು ಬಾಗಿಲು ಹಾಕಿಸಿ, ಹಳೆಯ ಚೀಟಿ ಓದಿ, ಕೆಮ್ಮು ಇದೆಯೇ ಎಂದು ಕೇಳುವಷ್ಟು ಸಲೀಸಾಗಿ ಕೇಳಿದರು: "ಈ ಮಾತ್ರೆ ಕೆಲವರಿಗೆ ಹೆಂಡತಿಯ ಜೊತೆ ಕೂಡಲು ತೊಂದರೆ ಮಾಡುತ್ತದೆ. ನಿಮಗೆ ಹಾಗೇನಾದರೂ ಆಗಿದೆಯೇ?"

ದರ್ಜಿಯ ಕಣ್ಣಲ್ಲಿ ನೀರು ಬಂತು. ಡಾಕ್ಟರಿಗೆ ಅಷ್ಟೇ ಸಾಕಾಯಿತು. ಇದು ಬೇಕಾದಷ್ಟು ಜನಕ್ಕೆ ಆಗುವುದೇ, ನೀವಾಗಿ ಮಾತ್ರೆ ನಿಲ್ಲಿಸಿದ್ದರೆ ಪ್ರಾಣಕ್ಕೇ ಅಪಾಯವಿತ್ತು, ಬೇರೆ ಮಾತ್ರೆ ಕೊಡುತ್ತೇನೆ, ಸರಿಹೋಗುವ ಸಂಭವ ಇದೆ, ಸರಿಹೋಗದಿದ್ದರೆ ಬಂದು ಹೇಳಿ ಎಂದರು. ದರ್ಜಿ ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತ. ಒಂದೇ ಒಂದು ಸಲ ಬಾಯಿ ಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ಹಣೆ ಹಣೆ ಚಚ್ಚಿಕೊಂಡ.

ಮನೆಗೆ ಬಂದವನೇ ಮಾಲೆ ತೆಗೆದು ದೇವರ ಮುಂದೆ ಇಟ್ಟ. ಹೆಂಡತಿಯ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ದೇಹ ಸೋತದ್ದು, ನಾಚಿಕೆ, ಭಂಗಿ, ಸುಳ್ಳು ಹರಕೆ, ಒಂದನ್ನೂ ಬಿಡಲಿಲ್ಲ. ಎಲ್ಲ ಆ ಮಾತ್ರೆಯ ಕೆಲಸ, ಇನ್ನು ಏನೂ ಭಯವಿಲ್ಲ ಎಂದ. ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದ.

ಅವಳು ಕೈಯಲ್ಲಿದ್ದ ಗುಂಡಿಯನ್ನು ಪೂರ್ತಿ ಹಚ್ಚಿ ದಾರ ಕಚ್ಚಿದಳು. ನಾಲ್ಕು ವರ್ಷದ ಅಭ್ಯಾಸಕ್ಕೆ ಆ ಹೆಸರೇ ಬಾಯಿಗೆ ಬಂತು.

"ಸ್ವಾಮಿ, ಮಾತ್ರೆ ಕಿತ್ತುಕೊಂಡದ್ದು ಅದೊಂದನ್ನೇ. ನನ್ನ ಎದುರು ಕೂತು ಉಣ್ಣುತ್ತಿದ್ದಿರಲ್ಲ, ಅದನ್ನು ಕಿತ್ತುಕೊಂಡದ್ದು ಯಾರು?"

ಇಷ್ಟು ಹೇಳಿ ಗುರುಗಳು ಸಿಪ್ಪೆಯನ್ನು ಒಂದು ಕಡೆಗೆ ಗುಡಿಸಿದರು. ತೋಟಯ್ಯನ ಮುಂದಿನ ಕಾಯಿ ಹಾಗೇ ಬಿದ್ದಿತ್ತು. ಆಮೇಲೆ ಆ ಗಂಡ ಹೆಂಡತಿ ಒಂದಾದರೇ ಎಂದು ಅವನು ಕೇಳಿದ. ಗುರುಗಳು ಅವನ ಮುಖ ನೋಡಿದರು.

"ತೋಟಯ್ಯ, ನಿನ್ನ ಹೆಂಡತಿ ಇವತ್ತು ಯಾರ ಎದುರು ಕೂತು ಉಂಡಳು?"