ಅರ್ಧ ಹೇರು

ಇಟ್ಟಿಗೆ ಭಟ್ಟಿಯಲ್ಲಿ ಹೇರು ಹೊರುತ್ತಿದ್ದ ಕೆಂಚಿ ಎಂಬ ಗಬ್ಬದ ಕತ್ತೆ ಜೊತೆಯವರನ್ನು ಬೇಡಿಕೊಂಡಿತು: "ಬೆನ್ನು ಮುರೀತಿದೆ ಕಣ್ರೋ. ಎಲ್ಲರೂ ಸೇರಿ ಒಂದ್ಸಲ ಕೂತ್ಬಿಡೋಣ."

"ನಿನಗೊಬ್ಬಳಿಗೇನಾ ಬೆನ್ನಿರೋದು? ಸುಮ್ಮನೆ ನಡಿಯೇ," ಎಂದು ಉಳಿದವು ಗದರಿದವು.

ಮಧ್ಯಾಹ್ನ ಏರಿನಲ್ಲಿ ಕೆಂಚಿ ಬಿದ್ದು ಸತ್ತಿತು. ಯಜಮಾನ ಹೆಣವನ್ನು ಪಕ್ಕಕ್ಕೆ ಎಳೆಸಿ, ಅದರ ಇಟ್ಟಿಗೆಗಳನ್ನು ಉಳಿದವುಗಳ ಮೇಲೆ ಹಂಚಿದ. ಕೆಂಚಿಯ ಬೆವರಿಗೆ ಒದ್ದೆಯಾಗಿದ್ದ ಆ ಇಟ್ಟಿಗೆ ಬೆನ್ನಿಗೆ ತಾಗಿದ್ದೇ ತಡ, ಕತ್ತೆಗಳೆಲ್ಲ ಒಟ್ಟಿಗೆ ಕೂತವು. ಮೂರು ದಿನ ಬಡಿದರೂ ಏಳಲಿಲ್ಲ. ಏಟಿಗೆ ಇನ್ನೆರಡು ಸತ್ತವು. ನಾಲ್ಕನೆಯ ದಿನ ಯಜಮಾನ ಸೋತು ಹೇರನ್ನು ಅರ್ಧಕ್ಕೆ ಇಳಿಸಿದ.

ಸತ್ತವುಗಳ ಜಾಗಕ್ಕೆ ಸಂತೆಯಿಂದ ಹೊಸ ಕತ್ತೆ ಬಂತು. ತನ್ನ ಹೇರು ನೋಡಿ ಹಿಗ್ಗಿತು: "ಇಷ್ಟೇನಾ? ಎಂಥಾ ಪುಣ್ಯಾತ್ಮನಪ್ಪಾ ನಮ್ಮ ಯಜಮಾನ! ನೀವ್ಯಾಕೆ ಸಪ್ಪಗಿದ್ದೀರಿ?"

ಕೆಂಚಿಯ ಹೆಸರು ಹೇಳಲು ಯಾರಿಗೂ ಮುಖವಿರಲಿಲ್ಲ.