ಘಟ್ಟ ಹತ್ತಿಸಿದವನು

"ಗುರುಗಳೇ, ಮೊದಲೆಲ್ಲ ಜಪಕ್ಕೆ ಕೂತರೆ ನಾಮವನ್ನು ಒಂದೊಂದಾಗಿ ಎಳೆದು ತರಬೇಕಿತ್ತು. ಈಗ ಹಾಗಿಲ್ಲ. ಅದು ತಾನಾಗಿಯೇ ನಡೆಯುತ್ತದೆ. ಊಟ ಮಾಡುವಾಗಲೂ ನಡೆಯುತ್ತದೆ, ಯಾರ ಜೊತೆಗೋ ಮಾತಾಡುವಾಗಲೂ ನಡೆಯುತ್ತದೆ. ನಾನೇನೂ ಮಾಡಬೇಕಾಗಿಲ್ಲ. ಇದು ಸಿದ್ಧಿಯ ಲಕ್ಷಣವೇ?"

ಹೀಗೆ ಕೇಳಿದವನು ಸೋಮಲಿಂಗ, ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದ ಶಿಷ್ಯ. ಕೇಳುವಾಗ ಅವನ ಮುಖದಲ್ಲಿ ಸಂಶಯಕ್ಕಿಂತ ಸಂತೋಷವೇ ಹೆಚ್ಚಿತ್ತು. ಗುರುಗಳು ಅದನ್ನು ಗಮನಿಸಿದರು.

"ಭಲೇ," ಎಂದರು. "ನನಗಂತೂ ಇಷ್ಟು ಸಲೀಸಾಗಿ ಎಂದೂ ನಡೆದಿಲ್ಲಪ್ಪ. ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ."

ಸೋಮಲಿಂಗ ಹುಬ್ಬೇರಿಸಿದ.

"ಯಾಕೆ, ನಿನಗೆ ಎತ್ತಿನ ಗಾಡಿಯ ಕತೆಯೇ ಆಗಬೇಕೋ? ಆಯುಧಪೂಜೆಯ ದಿನ ಈ ಅಂಗಳದಲ್ಲಿ ಬಂದು ನಿಲ್ಲುವ ಕಾರುಗಳಿಗೆಲ್ಲ ಹೂವು ಹಾಕಿ ಹಾಕಿ ನನಗೂ ಅಷ್ಟಿಷ್ಟು ಗೊತ್ತಾಗಿದೆ. ಬಾಯಿ ಮುಚ್ಚಿಕೊಂಡು ಕೇಳು."

ಗುರುಗಳು ಹೇಳತೊಡಗಿದರು.

ಒಬ್ಬ ಕಲ್ಲಿನ ವ್ಯಾಪಾರಿ ಇದ್ದ. ಗಣಿಯಲ್ಲಿ ಗ್ರಾನೈಟ್ ತೆಗೆಸಿ, ಘಟ್ಟ ಇಳಿಸಿ, ಬಂದರಿಗೆ ಮುಟ್ಟಿಸುವುದು ಅವನ ಕಸುಬು. ಅವನ ಬಳಿ ಒಂದು ಸ್ಪೋರ್ಟ್ಸ್ ಕಾರು ಇತ್ತು. ಎರಡೇ ಸೀಟಿನ ಗೇರಿನ ಕಾರು. ಎಡಗಾಲಲ್ಲಿ ಕ್ಲಚ್ ತುಳಿದು, ಎಡಗೈಯಲ್ಲಿ ಗೇರ್ ರಾಡ್ ಹಿಡಿದು, ಏರಿಗೊಂದು ಇಳಿಜಾರಿಗೊಂದು ಗೇರು ಬದಲಿಸುತ್ತ ಓಡಿಸಬೇಕು. ಅದನ್ನು ಅವನು ಕಷ್ಟಪಟ್ಟು ಕಲಿತಿದ್ದ.

ಅಷ್ಟರಲ್ಲಿ ಅಂಥ ಕಾರುಗಳೂ ಆಟೋಮ್ಯಾಟಿಕ್ ಆಗತೊಡಗಿದವು. ಕ್ಲಚ್ಚೇ ಇಲ್ಲ. ಗೇರನ್ನು ಕಾರೇ ಹಾಕಿಕೊಳ್ಳುತ್ತದೆ. ಕೂತವನು ಸ್ಟಿಯರಿಂಗ್ ಹಿಡಿದರಾಯಿತು. ಗೆಳೆಯರೆಲ್ಲ ಅಂಥದ್ದನ್ನೇ ಕೊಂಡರು, ನೀನೂ ಕೊಳ್ಳಯ್ಯ ಎಂದು ಇವನ ಬೆನ್ನು ಹತ್ತಿದರು. ಯಾರು ಹೇಳಿದರೂ ಇವನದು ಒಂದೇ ಉತ್ತರ. ನಗುತ್ತ, "ನಮಗ್ಯಾಕೆ ಅದೆಲ್ಲ? ಈಗಿರೋದೇ ಚೆನ್ನಾಗಿದೆ," ಎನ್ನುತ್ತಿದ್ದ. ಅವರು ಅತ್ತ ಹೋದ ಮೇಲೆ ಇನ್ನೂ ಖಾರವಾಗಿ ಆಡುತ್ತಿದ್ದ. ಆಟೋಮ್ಯಾಟಿಕ್ ಕಾರಿನಲ್ಲಿ ಕೂತವನು ಡ್ರೈವರನಲ್ಲ, ಸೀಟಿನ ಮೇಲೆ ಇಟ್ಟ ಮೂಟೆ. ಗೇರು ಹಾಕುವವನು ಮಾತ್ರ ದಾರಿಯುದ್ದಕ್ಕೂ ಎಚ್ಚರವಾಗಿರುತ್ತಾನೆ. ಇದು ಅವನ ಸಿದ್ಧಾಂತ. ಜಂಬ ಅಂದರೂ ಸರಿಯೇ. ಅವನು ಹೊಸದಾಗಿ ಕಲಿತಾಗ ಆ ಮಾತು ನಿಜವೂ ಆಗಿತ್ತು. ಆದರೆ ವಾರ ವಾರ ಅದೇ ಘಟ್ಟ, ಅವೇ ತಿರುವು. ಬರಬರುತ್ತ ಆ ದಾರಿ ಅವನ ಕೈಗೆ ಬಾಯಿಪಾಠವಾಗಿಬಿಟ್ಟಿತು.

ಅವನಿಗೆ ಮಕ್ಕಳಿರಲಿಲ್ಲ. ಘಟ್ಟದ ಕೆಳಗಿನ ಊರಿನಲ್ಲಿ ಹೆಂಡತಿಯ ತಂಗಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ತಂಗಿಯ ಮಗಳು ಪೂರ್ವಿ, ಎಂಟೊಂಬತ್ತು ವರ್ಷದ ಹುಡುಗಿ. ಇವನು ಹೋದಾಗಲೆಲ್ಲ "ದೊಡ್ಡಪ್ಪ ಬಂದರು" ಎಂದು ಓಡಿಬಂದು, ಕಾರಿನೊಳಗೆ ತೂರಿ, ಓಣಿಗೆಲ್ಲ ಕೇಳುವಂತೆ ಹಾರನ್ ಒತ್ತುವವಳು. ಇವನಿಗೆ ಅವಳೆಂದರೆ ಪ್ರಾಣ. ಈ ಮಗುವನ್ನು ನಮ್ಮ ಮನೆಗೇ ಕರೆದುಕೊಂಡು ಬಂದರೆ ಎಷ್ಟು ಚೆಂದ ಎಂದು ದಿನಾ ಅಂದುಕೊಳ್ಳುತ್ತಿದ್ದ. ಬಾಯಿಬಿಟ್ಟು ಹೇಳಲಿಲ್ಲ. ಸತ್ತವಳು ಹೆಂಡತಿಯ ತಂಗಿ. ಮಾತು ಅವಳಿಂದಲೇ ಬರಲಿ, ಬಂದ ಕೂಡಲೇ ಹೂಂ ಅನ್ನುತ್ತೇನೆ ಎಂದು ಕಾದ. ಅತ್ತ ಹೆಂಡತಿಯೂ ಮಗುವಿಗಾಗಿ ಹಂಬಲಿಸುತ್ತಿದ್ದಳು. ಇವನ ಮನಸ್ಸು ಹೇಗಿದೆಯೋ ಎಂದು ಹಿಂಜರಿಯುತ್ತಿದ್ದಳು. ಗಂಡಹೆಂಡಿರ ನಡುವೆ ಹೀಗಾಗುವುದುಂಟು. ಸನ್ಯಾಸಿಗೆ ಇದೆಲ್ಲ ಏನು ಗೊತ್ತು ಅನ್ನಬೇಡ. ಈ ಜಗಲಿಯ ಮೇಲೆ ಕೂತು ಅತ್ತು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ.

ಒಂದು ದಿನ ಇಬ್ಬರೂ ಆ ಮನೆಗೆ ಹೋಗಿ, ಮಗುವನ್ನು ಮಾತಾಡಿಸಿ, ಊಟ ಮುಗಿಸಿ ಹೊರಟರು. ಒಳ್ಳೆಯ ಬಿಸಿಲು. ಘಟ್ಟದ ಬುಡದಲ್ಲಿ, ಮೊದಲ ತಿರುವಿಗೆ ಎರಡನೇ ಗೇರು ಹಾಕಿದ್ದು ಅವನಿಗೆ ನೆನಪಿದೆ. ಅದಾದ ಮೇಲೆ ನೆನಪಿರುವುದು ಅವನ ಮನೆಯ ಗೇಟು.

ನಡುವೆ ಏನೂ ಇಲ್ಲ. ಘಟ್ಟವಿಲ್ಲ, ತಿರುವಿಲ್ಲ, ಎದುರು ಬಂದ ಒಂದು ಲಾರಿಯೂ ಇಲ್ಲ. ಕಾರು ಗೇಟಿನ ಮುಂದೆ ನ್ಯೂಟ್ರಲ್‌ನಲ್ಲಿ ನಿಂತಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ, ಎಡಗೈ ಗೇರ್ ರಾಡಿನ ಮೇಲೆ ತಣ್ಣಗೆ ಕೂತಿದೆ. ಹೆಂಡತಿ ಆಗಲೇ ಇಳಿದು ಒಳಗೆ ಹೋಗಿದ್ದಾಳೆ. ನಿದ್ದೆ ಬಂದಿತ್ತೇ ಎಂದುಕೊಂಡ. ಆ ದಾರಿಯಲ್ಲಿ ನಿದ್ದೆ ಬಂದವನು ಕಣಿವೆಯಲ್ಲಿ ಇರಬೇಕಿತ್ತು, ಮನೆಯ ಮುಂದಲ್ಲ. ಇಳಿದು ಕಾರಿನ ಸುತ್ತ ಬಂದ. ಬಂಪರ್ ಸವರಿ ನೋಡಿದ, ಬಗ್ಗಿ ಚಕ್ರ ನೋಡಿದ. ಎಲ್ಲೂ ಒಂದು ಗೀರಿಲ್ಲ. ಒಂದು ಗೀರಾದರೂ ಸಿಕ್ಕಿದ್ದರೆ ಅವನಿಗೆ ಧೈರ್ಯ ಬರುತ್ತಿತ್ತೇನೋ. ನಾನಿಲ್ಲದಿದ್ದರೂ ಕಾರು ಇಷ್ಟು ನಾಜೂಕಾಗಿ ಮನೆಗೆ ಬಂತಲ್ಲ ಎಂದು ಅವನ ಮೈ ಜುಮ್ಮೆಂದಿತು.

ಆಮೇಲೆ ಏನು ಮಾಡಿದ ಗೊತ್ತೇ? ಹೆಮ್ಮೆಪಟ್ಟ. ಕೈ ಪಳಗಿದರೆ ಹೀಗೇ, ಯೋಚನೆಯೇ ಬೇಕಾಗುವುದಿಲ್ಲ ಎಂದುಕೊಂಡು ಕಾಲು ತೊಳೆದು ಒಳಗೆ ಹೋದ. ಸಂಜೆ ಹೆಂಡತಿ ಕೋಣೆಯಲ್ಲಿ ಫೋನ್ ಹಿಡಿದು ಮೆಲ್ಲಗೆ ಮಾತಾಡುತ್ತಿದ್ದಳು. ಯಾರ ಜೊತೆ ಎಂದು ಇವನು ಕೇಳಲಿಲ್ಲ.

ಕೆಲವು ದಿನ ಕಳೆದವು. ಹೆಂಡತಿಯ ಮುಖ ಸಪ್ಪಗಿತ್ತು. ಕೊನೆಗೆ ಇವನಿಗೇ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ, "ನೋಡು, ಪೂರ್ವಿಯನ್ನು ನಾವೇ ಕರೆದುಕೊಂಡು ಬಂದುಬಿಡೋಣ," ಎಂದ.

ಅವಳು ಬಡಿಸುತ್ತಿದ್ದ ಸೌಟು ಹಿಡಿದೇ ನಿಂತಳು. "ಇದೇನ್ರೀ ಇದು? ಘಟ್ಟದಲ್ಲಿ ನಾನು ಅದನ್ನೇ ಕೇಳಿದ್ದಕ್ಕೆ ಬೇಡ ಅಂದ್ರಲ್ಲ."

"ನಾನಾ?"

"ಮತ್ಯಾರು? ಅವತ್ತು ನೀವು ಓಡಿಸಿದಷ್ಟು ಚೆನ್ನಾಗಿ ಯಾವತ್ತೂ ಓಡಿಸಿರಲಿಲ್ಲ. ನನಗೆ ಒಂದು ಕಡೆಯೂ ತಲೆ ತಿರುಗಲಿಲ್ಲ. ಒಳ್ಳೇ ಮನಸ್ಸಲ್ಲಿದ್ದಾರೆ ಅಂತ ಧೈರ್ಯ ಮಾಡಿದೆ. ಅವಳಪ್ಪ ಇನ್ನೊಂದು ಮದುವೆ ಆಗ್ತಿದ್ದಾರೆ, ಮಗು ನಿಮ್ಮಲ್ಲಿರಲಾ ಇಲ್ಲ ನಮ್ಮಣ್ಣನ ಮನೆಗೆ ಕಳಿಸಲಾ ಅಂತ ಕೇಳಿದ್ದಾರೆ, ನಾವೇ ಕರ್ಕೊಂಡು ಬರೋಣವಾ ಅಂದೆ. ನೀವು ಗೇರು ಬದಲಿಸಿದಿರಿ. ತಿರುವು ದಾಟಿಸಿದಿರಿ. ಆಮೇಲೆ ನನ್ನ ಮುಖ ನೋಡಿ ನಗ್ತಾ, ನಮಗ್ಯಾಕೆ ಅದೆಲ್ಲ, ಈಗಿರೋದೇ ಚೆನ್ನಾಗಿದೆ ಅಂದಿರಿ. ಯೋಚನೆ ಮಾಡಿಯೇ ಹೇಳಿದ್ದಾರೆ ಅಂದುಕೊಂಡು ಅವತ್ತು ಸಂಜೆಯೇ ಫೋನ್ ಮಾಡಿ ತಿಳಿಸಿದೆ. ಮಗು ಅಲ್ಲೇ ನಿಂತಿದ್ದಳಂತೆ. ಎಲ್ಲ ಕೇಳಿಸಿಕೊಂಡಳಂತೆ. ಈಗ ಅವಳಪ್ಪನ ಅಣ್ಣನ ಮನೆಯಲ್ಲಿದ್ದಾಳೆ, ಅದೇ ಊರಲ್ಲಿ."

ಅದು ನಾನಲ್ಲ ಎಂದು ಹೇಳಲು ವ್ಯಾಪಾರಿ ಬಾಯಿ ತೆರೆದ. ಯಾವ ಬಾಯಿಂದ ಹೇಳುವುದು? ಮೊದಲಿನ ಮಾತು ಹೊರಟದ್ದೂ ಅದೇ ಬಾಯಿಂದ. ತುತ್ತು ಕೈಯಲ್ಲೇ ಉಳಿಯಿತು. ಮಗು ತಪ್ಪಿಹೋಯಿತೆಂಬ ಸಂಕಟ ಆಮೇಲೆ ಬಂತು. ಮೊದಲು ಬಂದದ್ದು ಹೆದರಿಕೆ. ತಾನಿಲ್ಲದ ಹೊತ್ತಿನಲ್ಲಿ ತನ್ನ ಮುಖ ನಕ್ಕಿತ್ತು ಎಂದು ಕೇಳಿದವನಿಗೆ ಹೇಗಾಗಬೇಡ, ನೀನೇ ಹೇಳು.

ಅವನು ಯೋಚಿಸಿ ಯೋಚಿಸಿ, ಇದೆಲ್ಲ ಆ ಗೇರಿನ ಕಾಟ ಎಂದು ತೀರ್ಮಾನಿಸಿದ. ಕೈಗೂ ಕಾಲಿಗೂ ಅಷ್ಟು ಕೆಲಸ ಕಲಿಸಿದ್ದರಿಂದಲ್ಲವೇ ಅವು ತನ್ನನ್ನು ಬಿಟ್ಟು ಹೊರಟದ್ದು? ಅವಕ್ಕೆ ಕೆಲಸವೇ ಇಲ್ಲದಿದ್ದರೆ ತಾನು ತಾನಾಗಿಯೇ ಇರುತ್ತೇನೆ. ಮರುವಾರವೇ ಆ ಕಾರನ್ನು ಮಾರಿದ. ಹಿಂದೆ ಪುಟ್ಟ ಸೀಟುಗಳಿದ್ದ, ಕ್ಲಚ್ಚಿಲ್ಲದ, ಗೇರ್ ರಾಡೇ ಇಲ್ಲದ, ಬರೀ ಗುಂಡಿಗಳಿದ್ದ ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರು ತಂದ. ಯಾರನ್ನು ಮೂಟೆ ಎಂದು ಜರೆದಿದ್ದನೋ ಅವರ ಸಾಲಿನಲ್ಲೇ ಹೋಗಿ ಕೂತ. ಪೂರ್ವಿಯನ್ನು ಕರೆತರಲು ಗಂಡಹೆಂಡಿರು ಅದರಲ್ಲೇ ಹೊರಟರು.

ಘಟ್ಟ ಇಳಿಯತೊಡಗಿದರು. ಕಾರಿನ ಸದ್ದೇ ಇಲ್ಲ. ಮೊದಲ ತಿರುವು ಬಂತು. ಅವನ ಎಡಗೈ ಮೇಲೆದ್ದಿತು. ರಾಡ್ ಇರಬೇಕಾದ ಕಡೆ ಹೋಗಿ, ಗಾಳಿಯನ್ನು ಮುಷ್ಟಿಯಲ್ಲಿ ಹಿಡಿದು, ಹಿಂದಕ್ಕೆಳೆದು, ಮತ್ತೆ ಸ್ಟಿಯರಿಂಗಿಗೆ ಬಂತು. ಎಡಗಾಲು ಬರೀ ನೆಲವನ್ನು ತುಳಿಯಿತು. ಇನ್ನೊಂದು ತಿರುವಿನಲ್ಲಿ ಕಾಲು ಕ್ಲಚ್ಚೆಂದು ಬ್ರೇಕನ್ನೇ ಒತ್ತಿ, ಕಾರು ರಸ್ತೆಯ ನಡುವೆ ಧಡಕ್ಕನೆ ನಿಂತಿತು. ಹಿಂದಿನ ಲಾರಿಯವನು ಹಾರನ್ ಹೊಡೆದು ಬಾಯಿಗೆ ಬಂದಂತೆ ಬೈದ.

"ಗೇರಿನ ಕಾರು ಬಿಟ್ಟವರಿಗೆಲ್ಲ ಹೀಗಾಗುತ್ತೆ. ನಾಲ್ಕು ದಿನದಲ್ಲಿ ಹೋಗುತ್ತೆ," ಎಂದು ಹೆಂಡತಿಗೆ ಹೇಳಿದ.

ಅದು ನಿಜವೇ. ಎಲ್ಲರಿಗೂ ಆಗುತ್ತದೆ. ಆದರೆ ಅವನು ಇನ್ನೊಂದನ್ನು ಕಂಡಿದ್ದ, ಅದನ್ನು ಹೆಂಡತಿಗೆ ಹೇಳಲಿಲ್ಲ. ತಿರುವು ಅವನ ಕಣ್ಣಿಗೆ ಬೀಳುವ ಮೊದಲೇ ಕೈ ಏಳುತ್ತಿತ್ತು. ಅವನಿಗಿಂತ ಮುಂಚೆ ದಾರಿ ನೋಡುತ್ತಿದ್ದವರು ಯಾರೋ ಅವನೊಳಗೇ ಕೂತಿದ್ದರು. ಕೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ ಕೂತ. ಪ್ರತಿ ತಿರುವಿಗೂ ಅದು ಅಲ್ಲೇ ಮಿಸುಕಾಡುವುದು ಅವನಿಗೆ ತಿಳಿಯುತ್ತಿತ್ತು.

ಪೂರ್ವಿ ಅಪ್ಪನ ಅಣ್ಣನ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕಾರು ಕಂಡರೂ ಓಡಿಬರಲಿಲ್ಲ. ವ್ಯಾಪಾರಿ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಬಾ ಮಗಳೇ, ನಮ್ಮನೆಗೆ ಹೋಗೋಣ. ನಿನಗೇ ಅಂತ ಹಿಂದೆ ಸೀಟಿರೋ ಕಾರು ತಂದಿದ್ದೇನೆ."

"ನೀವು ಬೇಡ ಅಂದ್ರಂತಲ್ಲ," ಎಂದಳು ಹುಡುಗಿ. ಅಳಲಿಲ್ಲ.

"ಅದು ನಾನು ಹೇಳಿದ್ದಲ್ಲ ಕಂದ."

"ಮತ್ತೆ ಯಾರು ಹೇಳಿದ್ದು?"

ಹುಡುಗಿ ಅವನ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ನಾನು ಬರಲ್ಲ ಎಂದು ಒಳಗೆ ಹೋದಳು. ಎಷ್ಟು ಕರೆದರೂ ಹೊರಗೆ ಬರಲಿಲ್ಲ.

ಖಾಲಿ ಸೀಟು ಹೊತ್ತುಕೊಂಡು ಕಾರು ಮತ್ತೆ ಘಟ್ಟ ಹತ್ತಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ವ್ಯಾಪಾರಿ ಎಡಗೈಯನ್ನು ಮತ್ತೆ ತೊಡೆಯ ಕೆಳಗಿಟ್ಟುಕೊಂಡು ಮೈಯೆಲ್ಲ ಕಣ್ಣಾಗಿದ್ದ. ಈ ಸಲ ಒಂದು ಮರವನ್ನೂ ಒಂದು ಮೈಲಿಗಲ್ಲನ್ನೂ ಬಿಡದೆ ನೋಡುತ್ತಿದ್ದ. ಅರ್ಧ ಘಟ್ಟ ಏರಿದ ಮೇಲೆ ಅವಳು ಮೂಗೊರೆಸಿಕೊಂಡು ಹೇಳಿದಳು: "ಮಕ್ಕಳ ಸಿಟ್ಟು ಎಷ್ಟು ದಿನ ಇರುತ್ತೆ? ನನಗಿನ್ನೂ ಆಸೆ ಹೋಗಿಲ್ಲ ಕಣ್ರೀ. ಬರೋ ವಾರ ಮತ್ತೆ ಬಂದು ಕರೆಯೋಣವಾ?"

ಒಂದೊಂದು ಮಾತೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಎದೆ ಹಗುರಾಯಿತು. ಇವಳಿಗಿನ್ನೂ ಆಸೆಯಿದೆ, ಹಾಗಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಹೂಂ ಎನ್ನಬೇಕೆಂದು ಉಸಿರೆಳೆದುಕೊಂಡ.

ತೊಡೆಯ ಕೆಳಗಿನಿಂದ ಎಡಗೈ ಮೆಲ್ಲಗೆ ಜಾರಿ ಹೊರಗೆ ಬಂತು. ಗಾಳಿಯನ್ನು ಹಿಡಿದು ಹಿಂದಕ್ಕೆಳೆಯಿತು. ಕಾರು ತಿರುವು ದಾಟಿತು. ಅವನ ಮುಖ ಹೆಂಡತಿಯ ಕಡೆ ತಿರುಗಿತು, ತುಟಿಗಳು ಅಗಲವಾದವು. ಅವನು ಎಚ್ಚರವಾಗಿದ್ದ. ಎಚ್ಚರವಾಗಿದ್ದೇ, ತನ್ನ ಬಾಯಿ ಆಡಿದ ಮಾತನ್ನು ಪಕ್ಕದಲ್ಲಿ ಕೂತವನ ಹಾಗೆ ಕೇಳಿಸಿಕೊಂಡ.

"ನಮಗ್ಯಾಕೆ ಅದೆಲ್ಲ? ಈಗಿರೋದೇ ಚೆನ್ನಾಗಿದೆ."

ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಳು. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಕಾರು ತನ್ನ ಪಾಡಿಗೆ ತಾನು ಗೇರು ಬದಲಿಸಿಕೊಳ್ಳುತ್ತ ಮನೆ ಮುಟ್ಟಿತು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಮುಂದೆ ಏನಾದರೂ ಇರಬಹುದೆಂದು ಸೋಮಲಿಂಗ ಕಾದ. ಮೊದಲು ಅವನ ಮುಖದಲ್ಲಿದ್ದ ಸಂತೋಷ ಈಗ ಇರಲಿಲ್ಲ.

"ಗುರುಗಳೇ, ಆ ಮಗು ಕೇಳಿದ್ದೇ ಸರಿ," ಎಂದ, ಸಣ್ಣ ದನಿಯಲ್ಲಿ. "ಅವನಲ್ಲದಿದ್ದರೆ ಆ ಮಾತು ಹೇಳಿದವನು ಯಾರು?"

"ನಿನ್ನ ಬದಲಿಗೆ ಜಪ ಮಾಡುತ್ತಿದ್ದಾನಲ್ಲ, ಅವನನ್ನೇ ಕೇಳಿ ನೋಡು," ಎಂದರು ಗುರುಗಳು.